ನಿಂಬೆವ್ವನ ಅಗಸಿ

ಕಡ್ಲಿನಾಳದ ಕೋಟೆ ಎಂದು ಇವತ್ತು ತೋರಿಸುವುದಕ್ಕೆ ಉಳಿದಿರುವುದು ಊರಬಾಗಿಲಾದ ಒಂದು ಅಗಸಿ ಮಾತ್ರ. ಗೋಡೆಯ ಕಲ್ಲುಗಳನ್ನು ಊರವರೇ ಕಿತ್ತು ಮನೆಯ ಪಾಯಕ್ಕೂ ದನದ ಕೊಟ್ಟಿಗೆಗೂ ಹಾಕಿಕೊಂಡರು; ಹಾಗೆ ಕಿತ್ತವರ ಮೊಮ್ಮಕ್ಕಳೇ ಈಗ ಪರಂಪರೆ ಉತ್ಸವದ ಸಮಿತಿಯಲ್ಲಿದ್ದಾರೆ. ವರ್ಷಕ್ಕೊಮ್ಮೆ ಶನಿವಾರ, ಭಾನುವಾರ ಸುತ್ತಲಿನ ಪೇಟೆಗಳಿಂದ ಜನ ಮಕ್ಕಳುಮರಿ ಸಮೇತ ಬರುತ್ತಾರೆ. ತಾಯಂದಿರು ಇಳಕಲ್ ಸೀರೆ ಉಟ್ಟು ಬೀಸುಕಲ್ಲಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಮಕ್ಕಳು ಚಕ್ಕಡಿ ಗಾಡಿ ಏರುತ್ತಾರೆ, ರೊಟ್ಟಿ ತಿಂದವರೆಲ್ಲ ಆ ಕಾಲವೇ ಚೆನ್ನಾಗಿತ್ತು ಎನ್ನುತ್ತಾರೆ. ಅಗಸಿಯ ಎರಡು ದೊಡ್ಡ ಕದಗಳು ಇನ್ನೂ ನಿಂತಿವೆ. ಬಲಗಡೆಯ ಕದದಲ್ಲಿ ಒಬ್ಬರು ಬಗ್ಗಿ ನುಗ್ಗುವಷ್ಟು ದಿಡ್ಡಿಯಿದೆ. ಆ ದಿಡ್ಡಿಗೆ ಬಹುಕಾಲ ಬಾಗಿಲಿರಲಿಲ್ಲ. ಏಕೆ ಎಂದು ಬಂದವರು ಕೇಳಿದರೆ, ನಿಂಬೆವ್ವ ಎಂಬವಳಿಗೆ ತವರೆಂದರೆ ಪ್ರಾಣ, ಅವಳಿಗಾಗಿ ಸದಾ ತೆರೆದಿಟ್ಟಿದ್ದರು ಎಂದು ಮೈಕಿನವನು ಹೇಳುತ್ತಾನೆ. ಊರಿನ ಹಿರಿಯರು ಹೇಳುವುದು ಬೇರೆ.

ಹಿಂದೆ ಒಮ್ಮೆ ಈ ಸೀಮೆಯಲ್ಲಿ ದಂಡು ದಾಳಿಗಳ ಕಾಟ ಬಹಳವಿತ್ತಂತೆ. ಹೊತ್ತು ಮುಳುಗಿದೊಡನೆ ಅಗಸಿ ಹಾಕುತ್ತಿದ್ದರು. ತಡವಾಗಿ ಬಂದವರು ಹೊರಗೆ ನಿಂತು ತಮ್ಮ ಹೆಸರು, ಓಣಿ, ಹೆತ್ತವರ ಹೆಸರು ಕೂಗಬೇಕು. ಒಳಗಿನವರು ಯಾರಾದರೂ ‘ನಮ್ಮವರು’ ಎಂದರೆ ಮಾತ್ರ ಅಗಸಿ ಕಾಯುವವನು ದಿಡ್ಡಿ ತೆಗೆಯುತ್ತಿದ್ದ. ಮುಂದೆ ಕಾಲ ತಿಳಿಯಾಯಿತು. ಒಂದು ತಲೆಮಾರು ಅಗಸಿ ಹಾಕುವ ಕೆಲಸವೇ ಬೀಳಲಿಲ್ಲ. ಆಗ ಊರಾಳುತ್ತಿದ್ದ ದೇಸಾಯಿಗೆ ಹಳೆಯ ಕಾಲದ ಹಂಬಲ ಹತ್ತಿತು. ಆ ಕಾಲದಲ್ಲಿ ಹೆದರಿ ಬದುಕಿದವರು ಯಾರೂ ಅದು ಮತ್ತೆ ಬರಲಿ ಎಂದು ಕೇಳಿರಲಿಲ್ಲ. ಕೇಳಿದವನು ಅದನ್ನು ಕಣ್ಣಿಂದ ಕಾಣದ ದೇಸಾಯಿ. ಎರಡು ದಿನ ಊರೆಲ್ಲ ಅಜ್ಜಂದಿರ ಹಾಗೆ ಉಡಬೇಕು, ಉಣ್ಣಬೇಕು, ಸಂಜೆಗೆ ಅಗಸಿ ಹಾಕಬೇಕು ಎಂದು ಡಂಗುರ ಸಾರಿಸಿದ. ಕೊಟ್ಟ ಹೆಣ್ಣುಮಕ್ಕಳನ್ನೆಲ್ಲ ಕರೆಸಿದರು. ಅವರು ಹೊರಗೆ ನಿಂತು ಕೂಗಬೇಕು, ಒಳಗಿನವರು ಎರಡು ಸಲ ಗೊತ್ತಿಲ್ಲವೆಂದು ಕಾಡಿಸಬೇಕು, ಮೂರನೆಯ ಸಲಕ್ಕೆ ದಿಡ್ಡಿ ತೆಗೆದು ಆರತಿ ಎತ್ತಬೇಕು. ಇದು ಆಟ.

ಅಗಸಿ ಕಾಯುತ್ತಿದ್ದ ಮನೆತನದಲ್ಲಿ ಆಗ ಉಳಿದಿದ್ದವನು ದುಂಡಪ್ಪ. ಅಗಸಿಯೇ ಹಾಕದ ಊರಿನಲ್ಲಿ ಅಗಸಿ ಕಾಯುವವನಿಗೆ ಏನು ಬೆಲೆ? ಹುಡುಗರು ಕೂಡ ಅವನನ್ನು ಕಂಡು ‘ಎಷ್ಟು ಮಂದಿ ಕಳ್ಳರನ್ನ ಹಿಡದಿ?’ ಎಂದು ಕಿಚಾಯಿಸುತ್ತಿದ್ದರು. ಅಂಥವನ ತಲೆಗೆ ದೇಸಾಯಿ ತನ್ನ ಕೈಯಾರೆ ಅಜ್ಜಂದಿರ ಕಾಲದ ರುಮಾಲು ಸುತ್ತಿದ, ಕೈಗೆ ಬೆಳ್ಳಿಕಟ್ಟಿನ ಕೋಲು ಕೊಟ್ಟ. ದುಂಡಪ್ಪನ ಎದೆ ಉಬ್ಬಿತು. ಮೊದಲ ದಿನದ ಆಟ ಸೊಗಸಾಗಿ ನಡೆಯಿತು. ಅವನು ದನಿ ಗಡಸು ಮಾಡಿ ಕೇಳಿದಷ್ಟೂ ಜನ ನಕ್ಕರು, ಅವನಿಗೂ ಅದು ರುಚಿಸಿತು. ಹಳ್ಳದಾಚೆಯ ಊರಿಗೆ ಕೊಟ್ಟಿದ್ದ ಅವನ ತಂಗಿ ನಿಂಬೆವ್ವ ಮಾತ್ರ ಬಂದಿರಲಿಲ್ಲ. ನಾಳೆ ಬರುತ್ತಾಳೆ, ಅವಳನ್ನು ಚೆನ್ನಾಗಿ ಕಾಡಿಸಬೇಕು ಎಂದು ಎಲ್ಲರೂ ಕಾದಿದ್ದರು.

ಎರಡನೆಯ ದಿನ ಅಗಸಿ ಹಾಕಿದ ಸ್ವಲ್ಪ ಹೊತ್ತಿಗೇ ಹೊರಗಿನಿಂದ ಕೂಗು ಕೇಳಿಸಿತು. “ಅಣ್ಣಾ, ನಾ ನಿಂಬೆವ್ವ. ಕೂಸಿಗೆ ಹುಳ ಮುಟ್ಟೇತಿ. ಲಗೂನ ತಗಿ.” ಹಾವಿಗೆ ಹುಳವೆನ್ನುವುದು ಈ ಕಡೆಯ ರೂಢಿ, ಅದಕ್ಕೆ ಔಷಧ ಕೊಡುವ ಈರಯ್ಯನ ಮನೆ ಅಗಸಿಯ ಒಳಗೇ ಇತ್ತು. ಜನ ಚಪ್ಪಾಳೆ ತಟ್ಟಿದರು. ಇಷ್ಟು ಚೆನ್ನಾಗಿ ಯಾರೂ ಕೂಗಿರಲಿಲ್ಲ. ಆದರೆ ದುಂಡಪ್ಪನ ಕೈ ಅಗುಳಿಯ ಮೇಲೆ ಹೋಯಿತು. ಎತ್ತಿ ಆಡಿಸಿದ ತಂಗಿಯ ದನಿ ಅವನಿಗೆ ತಿಳಿಯದೆ ಇರುತ್ತದೆಯೇ! ಅಷ್ಟೇ ಅಲ್ಲ, ಅಗಸಿ ಕಾಯುತ್ತಿದ್ದ ತನ್ನ ಅಜ್ಜನ ಒಂದು ಮಾತೂ ನೆನಪಾಯಿತು. ಬಗಲಲ್ಲಿ ಕೂಸಿದ್ದವರನ್ನು ಅಜ್ಜ ಏನೂ ಕೇಳುತ್ತಿರಲಿಲ್ಲ, ದಾಳಿ ಮಾಡುವವರು ಕೂಸು ಕಟ್ಟಿಕೊಂಡು ಬರುವುದಿಲ್ಲವೆಂದು ಮೊದಲು ದಿಡ್ಡಿ ತೆಗೆಯುತ್ತಿದ್ದ. ಪದ್ಧತಿಯಲ್ಲಿ ಆಟಕ್ಕೆ ಒದಗುವುದನ್ನು ಊರು ನೆನಪಿಟ್ಟುಕೊಂಡು ಇದೊಂದನ್ನು ಮರೆತಿತ್ತು. ಅವನು ತಿರುಗಿ ನೋಡಿದ. ದೇಸಾಯಿ ನಗುತ್ತ ಕೈ ಬೀಸಿ, “ಕೇಳೋ ದುಂಡಪ್ಪ, ಭಾಳ ಛಂದ ಆಡಾಕತ್ತಾಳ ನಿನ್ನ ತಂಗಿ” ಎಂದ. ಊರೆಲ್ಲ ದುಂಡಪ್ಪನ ಬಾಯಿಯನ್ನೇ ನೋಡುತ್ತಿತ್ತು. ತಲೆಯ ಮೇಲೆ ರುಮಾಲಿತ್ತು. ದುಂಡಪ್ಪ ಕೈ ಹಿಂದಕ್ಕೆ ತೆಗೆದು, “ಯಾವ ನಿಂಬೆವ್ವ? ಯಾರ ಮಗಳು?” ಎಂದು ಕೇಳಿದ.

ಅವಳು ಅಪ್ಪನ ಹೆಸರು ಹೇಳಿದಳು, ಓಣಿ ಹೇಳಿದಳು, ದಬದಬನೆ ಕದ ಬಡಿದಳು. ಒಳಗಿನವರು ಗೊತ್ತಿಲ್ಲ, ಗೊತ್ತಿಲ್ಲ ಎಂದು ರಾಗವಾಗಿ ಹಾಡಿದರು. ದೇಸಾಯಿ ಇನ್ನೊಮ್ಮೆ ಎಂದು ಸನ್ನೆ ಮಾಡಿದ. ದುಂಡಪ್ಪ ಇನ್ನೊಮ್ಮೆ ಕೇಳಿದ. ಹೊರಗೆ ಬಡಿಯುವುದು ನಿಂತುಹೋಯಿತು. ಅದನ್ನೂ ಜನ ಆಟವೆಂದೇ ತಿಳಿದು, ಮುನಿಸಿಕೊಂಡಳು ನೋಡಿ ಎಂದರು. ಅವನು ಯಾರ ಅಪ್ಪಣೆಗೂ ಕಾಯದೆ ದಿಡ್ಡಿ ತೆಗೆದಾಗ, ನಿಂಬೆವ್ವ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕದಕ್ಕೆ ಒರಗಿ ಕುಳಿತಿದ್ದಳು. ಮಗುವಿನ ಮೈ ನೀಲಿಗಟ್ಟಿತ್ತು. ಈರಯ್ಯ ಓಡಿಬಂದು ಮೂಗಿನ ಹತ್ತಿರ ಕೈಯಿಟ್ಟು ನೋಡಿ ಎದ್ದು ನಿಂತ. ಆರತಿ ಹಿಡಿದಿದ್ದ ಹೆಂಗಸರು ತಟ್ಟೆ ಎಲ್ಲಿಡಬೇಕೆಂದು ತಿಳಿಯದೆ ನಿಂತರು. “ಒಳಗ ಬಾರವ್ವ” ಎಂದು ದುಂಡಪ್ಪ ಕಾಲು ಹಿಡಿದ. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡಳು. “ಯಾರ ಮಗಳು ಅಂತ ಕೇಳಿದೆಲ್ಲೊ, ಯಾರ ಮಗಳೂ ಅಲ್ಲ ನಾ” ಎಂದಷ್ಟೇ ಹೇಳಿ ಹಳ್ಳದ ದಾರಿ ಹಿಡಿದಳು. ಮತ್ತೆಂದೂ ಈ ಊರಿಗೆ ಬರಲಿಲ್ಲ.

ಮೊದಲ ಕೂಗಿಗೇ ತೆಗೆದಿದ್ದರೆ ಕೂಸು ಉಳಿಯುತ್ತಿತ್ತೋ ಇಲ್ಲವೋ, ಹೇಳುವವರಿಲ್ಲ. ದುಂಡಪ್ಪ ಬದುಕಿರುವವರೆಗೂ ಈರಯ್ಯನನ್ನು ಅದನ್ನೇ ಕೇಳುತ್ತಿದ್ದ, ಈರಯ್ಯ ಮುಖ ತಿರುಗಿಸಿಕೊಳ್ಳುತ್ತಿದ್ದ ಎನ್ನುತ್ತಾರೆ. ಆಟದ ಮರುದಿನ ದುಂಡಪ್ಪ ರುಮಾಲನ್ನು ದೇಸಾಯಿಯ ಕಟ್ಟೆಯ ಮೇಲಿಟ್ಟು ಬಂದು, ದಿಡ್ಡಿಯ ಬಾಗಿಲನ್ನು ಕಿತ್ತು, ಕೊಡಲಿಯಿಂದ ಒಡೆದು ಅಗಸಿಯ ಮುಂದೆಯೇ ಸುಟ್ಟ. ಯಾರೂ ತಡೆಯಲಿಲ್ಲ. ಆಟ ನಿಂತಿತು. ದೇಸಾಯಿ ಅಗಸಿಗೆ ತನ್ನ ಅಜ್ಜನ ಹೆಸರನ್ನು ಕೆತ್ತಿಸಿದನಾದರೂ ಜನರ ಬಾಯಲ್ಲಿ ಅದು ನಿಂಬೆವ್ವನ ಅಗಸಿಯೇ ಆಯಿತು.

ಈಗ ಹೋದವರಿಗೆ ಆ ಕೆತ್ತನೆ ಸವೆದು ಕಾಣುತ್ತದೆ, ಬಾಗಿಲು ಸುಟ್ಟ ಜಾಗವೆಂದು ಕಪ್ಪಗಿನ ಚಪ್ಪಡಿಯೊಂದನ್ನು ಹಿರಿಯರು ತೋರಿಸುತ್ತಾರೆ. ಖಾಲಿ ದಿಡ್ಡಿಯನ್ನು ಮಾತ್ರ ಇನ್ನು ಕಾಣಲಾರಿರಿ. ಬರಿದಾಗಿ ಕಾಣುತ್ತದೆಂದು ಸಮಿತಿಯವರು ಈ ವರ್ಷ ಅದಕ್ಕೆ ಪ್ಲೈವುಡ್ಡಿನ ಬಾಗಿಲು ಮಾಡಿಸಿ, ಹಳೆಯದರಂತೆ ಬಣ್ಣ ಹೊಡೆಸಿ, ಒಳಗಿನಿಂದ ಚಿಲಕ ಹಾಕಿಸಿದ್ದಾರೆ. ‘ತವರಿನ ಕೂಗು’ ಎಂದು ಮಕ್ಕಳಿಗೆ ಸ್ಪರ್ಧೆಯನ್ನೂ ಇಟ್ಟಿದ್ದರು. ಭಾನುವಾರ ಸಂಜೆ ಪುಟ್ಟ ಹುಡುಗಿಯೊಬ್ಬಳು ಹೊರಗೆ ನಿಂತು ತನ್ನ ಹೆಸರು ಹೇಳಿದಳು. ಒಳಗಿದ್ದ ಅವಳ ಅಪ್ಪ ಅಮ್ಮನೂ ಜನರ ಜೊತೆ ಸೇರಿ ಗೊತ್ತಿಲ್ಲ ಎಂದರು. ಎರಡನೆಯ ಸಲ ಹೇಳುವಾಗ ಹುಡುಗಿ ಹೆದರಿ ನಿಜವಾಗಿಯೂ ಅಳತೊಡಗಿದಳು. ಎಷ್ಟು ಚೆನ್ನಾಗಿ ಮಾಡುತ್ತಾಳೆ ಎಂದು ಒಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು.