ರಾಜಕುಮಾರಿಯ ಕಾರಿಗೆ ಬ್ರೇಕು

"ಕೇಳಿರಪ್ಪೋ ಕೇಳಿರಿ! ಏರಿಪುರದ ಅರಸು ವಜ್ರಬಾಹುವಿನ ಮಗಳು ರತ್ನಮಾಲಿನಿಯವರು ತಮ್ಮ ಕಾರಿನ ಮೇಲೆ ಮೂರು ಒಗಟು ಹಾಕಿದ್ದಾರೆ. ಮೂರನ್ನೂ ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿಯೊಡನೆ ಮದುವೆ. ಒಂದು ತಪ್ಪಿದರೂ ಕೋಟೆ ಇಳಿಜಾರಿನ ಬುಡದಲ್ಲಿ ಸುಣ್ಣದ ಗೆರೆಯ ಮೇಲೆ ನಿಲ್ಲಬೇಕು. ಮೇಲಿನಿಂದ ರಾಜಕುಮಾರಿಯವರು ಕಾರು ಓಡಿಸಿಕೊಂಡು ಬರುತ್ತಾರೆ. ಕಾರು ನಿಂತರೆ ಅವನ ಪುಣ್ಯ. ಗೆರೆ ಬಿಟ್ಟು ಓಡಿದವನ ತಲೆ ಉಳಿಯುವುದಿಲ್ಲ!"

ಡಂಗುರದವನು ಈ ತಿಂಗಳೂ ಹೀಗೆ ಸಾರಿದ. ಇಂಥ ವಿಚಿತ್ರ ಪಣ ಯಾಕೆ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ರತ್ನಮಾಲಿನಿ ತನ್ನ ಕಾರಿನ ಹಳೆಯ ಎಂಜಿನ್ ತೆಗೆಸಿ ದೊಡ್ಡದನ್ನು ಕೂರಿಸಿದ್ದಳು. ಅಗಲವಾದ ಟಯರು ಹಾಕಿಸಿದ್ದಳು. ಬ್ರೇಕು ಮಾತ್ರ ಮೊದಲಿನದೇ. ಅಂದರೆ ಕಾರಿಗೆ ಓಡುವ ಶಕ್ತಿ ಬೆಳೆದಿತ್ತು, ನಿಲ್ಲುವ ಶಕ್ತಿ ಬೆಳೆದಿರಲಿಲ್ಲ. ಅರಮನೆಯ ಮೆಕ್ಯಾನಿಕ್ಕು ಬ್ರೇಕನ್ನೂ ಬದಲಿಸೋಣ ಎಂದಾಗ ಅವಳು, "ಬ್ರೇಕು ಹೆದರುವವರಿಗೆ" ಎಂದು ನಕ್ಕಿದ್ದಳು. ಆದರೂ ಆ ಮಾತು ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಬ್ರೇಕು ಬೇಕೋ ಬೇಡವೋ ಎಂಬುದನ್ನು ಬೇರೆಯವರ ಮೈಮೇಲೆ ಪರೀಕ್ಷಿಸಿ ನೋಡಲು ಅವಳು ಹೂಡಿದ ಆಟ ಇದು.

ಆ ದಿನ ಮೊದಲು ಬಂದವನು ನೆರೆಯ ನಾಡಿನ ರಾಜಕುಮಾರ. ರತ್ನಮಾಲಿನಿ ಕೇಳಿದಳು: "ನನ್ನ ಬಳಿ ಒಬ್ಬ ಆಳಿದ್ದಾನೆ. ಕೆಲಸ ಕೊಟ್ಟಷ್ಟೂ ಬಿಸಿಯಾಗುತ್ತಾನೆ, ಬಿಸಿಯಾದಷ್ಟೂ ಕೈಕೊಡುತ್ತಾನೆ. ಯಾರವನು?"

"ಸೇನಾಪತಿ! ಸಿಟ್ಟು ಬಂದರೆ ಅವನಿಗೆ ಬುದ್ಧಿ ಇರುವುದಿಲ್ಲ."

"ನಿನ್ನ ಮನೆಯ ಸೇನಾಪತಿ ಇರಬೇಕು. ನಡೆ, ಗೆರೆಯ ಮೇಲೆ ನಿಲ್ಲು."

ಕಾರು ಗರ್ಜಿಸುತ್ತಾ ಇಳಿಯಿತು. ಅವನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ನಿಂತಿತು. ರಾಜಕುಮಾರನ ರೇಷ್ಮೆ ಪಂಚೆ ಒದ್ದೆಯಾಗಿದ್ದನ್ನು ಕಂಡು ಸಭೆಯೆಲ್ಲ ನಕ್ಕಿತು. ನಗದಿದ್ದರೆ ರಾಜಕುಮಾರಿಗೆ ಕೋಪ ಬರುತ್ತಿತ್ತು, ಅದಕ್ಕೇ ಎಲ್ಲರೂ ನಕ್ಕರು.

ಎರಡನೆಯವನು ಆಸ್ಥಾನದ ಪಂಡಿತ. ಅದೇ ಒಗಟಿಗೆ ಅವನು, "ಕವಿಯ ನಾಲಿಗೆ" ಎಂದ.

"ನಿಮ್ಮದು ತಣ್ಣಗಿರುವಾಗಲೂ ಕೈಕೊಡುತ್ತದಲ್ಲ ಪಂಡಿತರೇ!"

ಈ ಸಲ ಕಾರು ಗೆರೆ ದಾಟಿಯೇ ನಿಂತಿತು. ಪಂಡಿತನ ತೊಡೆ ಮುರಿದ ಸದ್ದು ಸಭೆಗೆ ಕೇಳಿಸಿತು. ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಕಾರನ್ನು ಮತ್ತೆ ಮೇಲಕ್ಕೆ ಒಯ್ದರು.

ಮೂರನೆಯವನಾಗಿ ಮುಂದೆ ಬಂದವನು ಸಣ್ಣೀರ. ಮೂರು ಚಕ್ರದ ಸಾಮಾನು ಗಾಡಿಯಲ್ಲಿ ಮಡಕೆ ಮಾರುವವನು. ಹೋದ ತಿಂಗಳು ಇವನ ಅಣ್ಣ ದೊಡ್ಡೀರ ಇದೇ ಗೆರೆಯ ಮೇಲೆ ನಿಂತು ಎರಡೂ ಕಾಲು ಕಳೆದುಕೊಂಡಿದ್ದ. "ನನಗಿಂತ ಮೊದಲು ನಿಂತ ಇಬ್ಬರೂ ಬದುಕಿದರು ಕಣೋ, ಮೂರನೆಯವನು ನಾನು" ಎಂದು ಅಣ್ಣ ಮತ್ತೆ ಮತ್ತೆ ಹೇಳುತ್ತಿದ್ದ. ಅಣ್ಣ ಅದನ್ನು ಹಣೆಬರಹ ಎಂದುಕೊಂಡಿದ್ದ. ಸಣ್ಣೀರ ಹಾಗೆ ಅಂದುಕೊಳ್ಳಲಿಲ್ಲ.

"ಏನೋ ಮಡಕೆಯವನೇ, ನೀನೂ ಒಡೆದುಹೋಗಲು ಬಂದೆಯಾ?" ಎಂದಳು ರತ್ನಮಾಲಿನಿ.

"ಆ ಆಳು ನಿಮ್ಮ ಕಾರಿನ ಹಳೇ ಬ್ರೇಕು, ಅಮ್ಮಾವ್ರೇ. ಮೊದಲ ಸಲ ಗೇಣು ಬಿಟ್ಟು ನಿಲ್ಲಿಸಿತು. ಎರಡನೇ ಸಲ ತೊಡೆ ಮುರಿಯಿತು. ಬಿಸಿಯಾದಷ್ಟೂ ಹಿಡಿತ ಬಿಡುತ್ತಾ ಹೋಗುತ್ತದೆ."

ರಾಜಕುಮಾರಿಯ ನಗು ಸ್ವಲ್ಪ ಕಡಿಮೆಯಾಯಿತು. "ಇರಲಿ. ಓಟ ಎರಡು ಪಟ್ಟಾದರೆ ನಾಲ್ಕು ಪಟ್ಟಾಗುವುದು ಯಾವುದು?"

"ನಿಲ್ಲಲು ಬೇಕಾದ ದಾರಿ. ಇಳಿಜಾರಿನಲ್ಲಿ ಎಷ್ಟು ಮಡಕೆ ಒಡೆದು ಇದನ್ನು ಕಲಿತೆನೋ ಶಿವನೇ ಬಲ್ಲ."

ಅವಳು ಸಿಂಹಾಸನದಿಂದ ಎದ್ದಳು. "ಹಾಗಾದರೆ ಕೊನೆಯದು. ನನ್ನ ಕಾರಿಗೆ ಹೊಸ ಬ್ರೇಕು ಬೇಕೋ ಬೇಡವೋ? ಬೇಕು ಎಂದರೆ ನನ್ನನ್ನು ಹೇಡಿ ಅಂದಂತೆ, ಆ ಮಾತಿಗೆ ತಲೆ ಹೋಗುತ್ತದೆ. ಬೇಡ ಎಂದರೆ ನೀನೇ ಗೆರೆಯ ಮೇಲೆ ನಿಂತು ತೋರಿಸು."

ಇದು ಒಗಟಲ್ಲ, ಉರುಳು ಎಂದು ಎಲ್ಲರಿಗೂ ತಿಳಿಯಿತು. ಎರಡರಲ್ಲಿ ಯಾವುದನ್ನು ಹೇಳಿದರೂ ಸಾವೇ. ಸಣ್ಣೀರ ಅರಸನತ್ತ ತಿರುಗಿದ.

"ಬುದ್ಧೀ, ನಮ್ಮ ಸೀಮೆಯಲ್ಲಿ ಒಂದು ಪದ್ಧತಿ ಇದೆ. ಒಗಟು ಬಿಡಿಸುವವನು ಸಾಕ್ಷಿ ಕೇಳಿದರೆ, ಒಗಟು ಹಾಕಿದವರೇ ಸಾಕ್ಷಿ ನಿಲ್ಲಬೇಕು. ಹಟ್ಟಿಯ ಮಕ್ಕಳೂ ಇದನ್ನು ಮುರಿಯುವುದಿಲ್ಲ. ನಾನು ಸಾಕ್ಷಿ ಕೇಳುತ್ತೇನೆ. ಅಮ್ಮಾವ್ರು ಗೆರೆಯ ಮೇಲೆ ನಿಲ್ಲಲಿ, ಕಾರು ನಾನು ಬಿಡುತ್ತೇನೆ."

ಅರಸನ ಅಜ್ಜನೂ ಮುತ್ತಜ್ಜನೂ ಈ ಪದ್ಧತಿಗೆ ತಲೆಬಾಗಿದ್ದರು. ಈಗ ಮುರಿದರೆ ನಾಳೆಯಿಂದ ಅವನ ಮಾತಿಗೂ ಬೆಲೆ ಇರುವುದಿಲ್ಲ. "ನಡಿ ಮಗಳೇ, ನಿಲ್ಲು" ಎಂದ.

"ಅಪ್ಪಾಜಿ!"

"ನೀನೇ ಹಾಕಿದ ಒಗಟಮ್ಮ."

ಅವಳು ಇಳಿದು ಹೋಗಿ ಗೆರೆಯ ಮೇಲೆ ನಿಂತಳು. ಅಲ್ಲಿ ಪಂಡಿತನ ರಕ್ತ ಇನ್ನೂ ಒಣಗಿರಲಿಲ್ಲ. ಮೇಲೆ ಸಣ್ಣೀರ ಎಂಜಿನ್ ಚಾಲೂ ಮಾಡಿದ. ಆ ಗರ್ಜನೆಯನ್ನು ಅವಳು ಯಾವಾಗಲೂ ಒಳಗೆ ಕೂತು ಕೇಳಿದ್ದಳು. ಎದುರಿಗೆ ನಿಂತು ಕೇಳಿದ್ದು ಅದೇ ಮೊದಲು. ಕಾರು ಒಂದು ಮಾರು ಮುಂದೆ ಸರಿಯಿತು.

"ಬೇಕು!" ಎಂದು ಅವಳು ಚೀರಿದಳು. "ಬ್ರೇಕು ಬೇಕು! ಹೊಸ ಬ್ರೇಕು ಬೇಕು!"

ಸಣ್ಣೀರ ಎಂಜಿನ್ ಆರಿಸಿ, ಚಕ್ರಕ್ಕೆ ಅಡ್ಡ ಕಲ್ಲು ಇಡಿಸಿ, ಇಳಿದು ಬಂದ. "ಮೂರನೆಯದಕ್ಕೆ ಉತ್ತರ ಇದೇ, ಬುದ್ಧೀ. ಬ್ರೇಕು ಬೇಕೋ ಬೇಡವೋ ಎಂದು ಕಾರಿನೊಳಗೆ ಕೂತವರನ್ನು ಕೇಳಬಾರದು, ಎದುರಿಗೆ ನಿಂತವರನ್ನು ಕೇಳಬೇಕು. ಬೇಕು ಎಂದವರು ಅಮ್ಮಾವ್ರೇ, ನಾನಲ್ಲ. ಹಾಗಾಗಿ ನನ್ನ ತಲೆ ಹೋಗುವಂತಿಲ್ಲ."

ಅರಸು ಅರ್ಧ ರಾಜ್ಯವನ್ನು ಅಲ್ಲೇ ಧಾರೆ ಎರೆದುಕೊಟ್ಟ. ಮದುವೆಯ ಮಾತು ಬಂದಾಗ ಸಣ್ಣೀರ, "ಅದು ಬೇಡ, ಅಣ್ಣನ ಎದುರಿಗೆ ಇವರನ್ನು ಮನೆ ತುಂಬಿಸಿಕೊಳ್ಳಲಾರೆ" ಎಂದ. ಗೆರೆಯ ಮೇಲೆ ಕುಸಿದು ಕೂತಿದ್ದ ರತ್ನಮಾಲಿನಿಯನ್ನು ಎತ್ತಲು ಯಾರೂ ಹೋಗಲಿಲ್ಲ. ಮೆಕ್ಯಾನಿಕ್ಕು ಮಾತ್ರ ಸ್ಪ್ಯಾನರು ಹಿಡಿದು ಕಾರಿನ ಕಡೆ ಓಡಿದ.

ಎಲ್ಲ ಮುಗಿದ ಮೇಲೆ ಅರಸು ಸಣ್ಣೀರನನ್ನು ಹತ್ತಿರ ಕರೆದು ಕೇಳಿದ: "ಅವಳು ಕೂಗದಿದ್ದರೆ ನೀನು ಬ್ರೇಕು ಒತ್ತುತ್ತಿದ್ದೆಯಾ?"

"ಒತ್ತುತ್ತಿದ್ದೆ, ಬುದ್ಧೀ."

"ಹಿಡಿಯುತ್ತಿತ್ತೇ?"

"ಅದು ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ನಾನು ಮೇಲೆ ಕೂತು, ಅವರನ್ನು ಕೆಳಗೆ ನಿಲ್ಲಿಸಿದ್ದು."