ಉಂಗುರದ ಹಲ್ಲು

ತೆರೇಸಮ್ಮನ ಜೀಪಿಗೆ ಬೇರೆ ಬಗೆಯ ಗಟ್ಟಿಮುಟ್ಟಾದ ಹಿಂದಿನ ಆಕ್ಸಲ್, ಅಂದರೆ ಚಕ್ರಗಳ ಅಚ್ಚು, ಕೂರಿಸಿದ್ದರು. ಆಕ್ಸಲ್ ತೊಟ್ಟ ಉಂಗುರದ ಹಲ್ಲುಗಳನ್ನು ಎಣಿಸಿ, ಹಿಂದಿನ ಚಕ್ರದ ವೇಗವನ್ನು ಬ್ರೇಕಿನ ಪೆಟ್ಟಿಗೆಗೆ ತಿಳಿಸುವುದು ಪುಟ್ಟ ಸೆನ್ಸರಿನ ಕೆಲಸ. ಬ್ರೇಕ್ ಒತ್ತಿದಾಗ ಚಕ್ರ ಉರುಳದೆ ಕಚ್ಚಿಕೊಂಡು ಜಾರಿದರೆ, ಅದರ ಬ್ರೇಕನ್ನು ಸಡಿಲಿಸುವುದು ಪೆಟ್ಟಿಗೆಯ ಕೆಲಸ.

ಮೊದಲ ದಿನವೇ ಸೆನ್ಸರಿಗೆ ಅನುಮಾನ ಬಂತು. ಮುಂದಿನ ಚಕ್ರಗಳು ಓಡುತ್ತಿದ್ದರೂ ಅದರ ಲೆಕ್ಕದಲ್ಲಿ ಹಿಂದಿನ ಚಕ್ರ ತೆವಳುತ್ತಿತ್ತು.

"ಅಣ್ಣಾ, ನಿನ್ನ ಉಂಗುರದಲ್ಲಿ ಹಲ್ಲು ಕಡಿಮೆಯೇ?" ಎಂದು ಅದು ಆಕ್ಸಲನ್ನು ಕೇಳಿತು.

"ನಾನು ಹೊರುವ ಭಾರ ನೋಡು. ಹಲ್ಲಿನ ಮಾತು ನಿನಗೇಕೆ?" ಎಂದಿತು ಆಕ್ಸಲ್.

ಸೆನ್ಸರ್ ಮತ್ತೆ ಕೇಳಲು ಅಂಜಿತು. ಎಣಿಸಿದ್ದನ್ನಷ್ಟೇ ಹೇಳುತ್ತ ಹೋಯಿತು.

ಘಾಟಿಯ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ತೆರೇಸಮ್ಮ ಬ್ರೇಕ್ ಒತ್ತಿದಳು. ಸೆನ್ಸರಿನ ಲೆಕ್ಕ ನಂಬಿ, ಹಿಂದಿನ ಚಕ್ರ ಕಚ್ಚಿಕೊಳ್ಳುತ್ತಿದೆ ಎಂದು ತಪ್ಪು ತಿಳಿದ ಪೆಟ್ಟಿಗೆ ಅದರ ಬ್ರೇಕನ್ನು ಸಡಿಲಿಸಿತು. ಜೀಪು ನಿಲ್ಲಲಿಲ್ಲ.

"ಚಕ್ರ ಉರುಳುತ್ತಲೇ ಇದೆ, ಸಡಿಲಿಸಬೇಡ. ನನಗೆ ಹಲ್ಲು ಕಡಿಮೆ," ಎಂದು ಆಕ್ಸಲ್ ಪೆಟ್ಟಿಗೆಯ ಮುಂದೆ ಒಪ್ಪಿಕೊಂಡಿತು.

ಪೆಟ್ಟಿಗೆ ಕೂಡಲೇ ಎಚ್ಚರಿಕೆಯ ದೀಪ ಹಚ್ಚಿ, ಬ್ರೇಕನ್ನು ತೆರೇಸಮ್ಮನ ಕಾಲಿಗೇ ಬಿಟ್ಟುಕೊಟ್ಟಿತು. ಎಮ್ಮೆಯ ಬಾಲ ಬಾನೆಟ್ಟಿಗೆ ತಾಗುವಷ್ಟರಲ್ಲಿ ಜೀಪು ನಿಂತಿತು.

ಗ್ಯಾರೇಜಿನಲ್ಲಿ ಮೊದಲಿನಷ್ಟೇ ಹಲ್ಲಿರುವ ಉಂಗುರ ಹಾಕಿದ ಮೇಲೆ ದೀಪ ಆರಿತು.

"ನೀನು ಎಣಿಸಿದ್ದರಲ್ಲಿ ತಪ್ಪಿರಲಿಲ್ಲ," ಎಂದು ಪೆಟ್ಟಿಗೆ ಸೆನ್ಸರಿಗೆ ಸಮಾಧಾನ ಹೇಳಿತು.

"ಇರಲಿಲ್ಲ, ಒಡೆಯಾ. ಆದರೆ ಅನುಮಾನ ಬಂದಿತ್ತು, ಅದನ್ನು ನಿಮಗೆ ಹೇಳಲಿಲ್ಲ," ಎಂದಿತು ಸೆನ್ಸರ್.