ಹಾಲಪ್ಪನ ಎರಡು ಪ್ರಶ್ನೆಗಳು

“ಗುರುಗಳೇ, ಮೊಬೈಲಿಗೆ ದಿನಕ್ಕೆ ನೂರು ಸುದ್ದಿ ಬರುತ್ತವೆ. ಕಳಿಸುವವರು ನಮ್ಮವರೇ. ಆದರೆ ಮೊದಲು ಬರೆದವನು ಯಾರ ಕಡೆಗೆ ವಾಲಿದವನು ಎಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಹಳೆಯದೇನೋ ನೆನಪಾದಂತೆ ಗುರುಗಳ ಮುಖ ಅರಳಿತು. ಆಮೇಲೆ ಹೇಳತೊಡಗಿದರು.

ನಾನು ಚಿಕ್ಕವನಿದ್ದಾಗ ನಮ್ಮ ಊರಿಗೆ ಸುದ್ದಿ ನಡೆದುಕೊಂಡು ಬರುತ್ತಿತ್ತು. ಉಪ್ಪು ಮಾರುವವನು ತರುತ್ತಿದ್ದ, ಕುರಿ ಮೇಯಿಸುವವನು ತರುತ್ತಿದ್ದ, ಬೀಸುವ ಕಲ್ಲನ್ನು ಉಳಿಯಿಂದ ಕುಟ್ಟಿ ಹರಿತ ಮಾಡಿಕೊಡುವ ಒಬ್ಬ ಹೆಂಗಸು ತರುತ್ತಿದ್ದಳು. ಹತ್ತು ಹರದಾರಿ ಆಚೆ ನಡೆದದ್ದು ನಮಗೆ ತಿಳಿಯಲು ಮೂರು ದಿನ ಬೇಕಾಗುತ್ತಿತ್ತು. ಅಷ್ಟರಲ್ಲಿ ಜಗಳವಾಡಿದವರು ರಾಜಿಯೂ ಆಗಿರುತ್ತಿದ್ದರು. ಆ ನಿಧಾನದ ಬೆಲೆ ಆಗ ನಮಗೆ ಗೊತ್ತಿರಲಿಲ್ಲ.

ಊರ ಬಾಗಿಲಲ್ಲೇ ಹಾಲಪ್ಪನೆಂಬ ಕಂಬಳಿ ನೇಯುವವನ ಮನೆ. ಎದುರಿಗೆ ಒಂದು ಬೇವಿನ ಮರ. ಊರಿಗೆ ಬಂದವರೆಲ್ಲ ಅಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಹಾಲಪ್ಪ ಅವರಿಗೆ ಬೆಲ್ಲ ನೀರು ಕೊಡುತ್ತಿದ್ದ. ಅವರು ತಂದ ಸುದ್ದಿ ಕೇಳಿ ಎರಡು ಪ್ರಶ್ನೆ ಹಾಕುತ್ತಿದ್ದ. ‘ನೀನು ಕಂಡದ್ದೋ, ಕೇಳಿದ್ದೋ?’ ಕೇಳಿದ್ದು ಎಂದರೆ, ‘ನಿನಗೆ ಹೇಳಿದವನಿಗೂ ಸುದ್ದಿಯಲ್ಲಿರುವವರಿಗೂ ಹೇಗಿದೆ?’ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನಕ್ಕು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದರು.

ಒಮ್ಮೆ ಪಕ್ಕದ ಊರಿನವರು ನಮ್ಮ ಕೆರೆಯ ಏರಿ ಒಡೆದರೆಂದು ಸುದ್ದಿ ಬಂತು. ಗಂಡಸರು ಬಡಿಗೆ ಹಿಡಿದು ಹೊರಟರು. ಹಾಲಪ್ಪ ಮಗ್ಗ ಬಿಟ್ಟು ಎದ್ದುಬಂದು, ಸುದ್ದಿ ತಂದವನಿಗೆ ತನ್ನ ಎರಡು ಪ್ರಶ್ನೆ ಹಾಕಿದ. ಅವನು ಕಣ್ಣಾರೆ ಕಂಡಿರಲಿಲ್ಲ. ಅವನಿಗೆ ಹೇಳಿದವನ ಎತ್ತು ಬೆಳೆ ಮೇಯಿತೆಂದು ಆ ಊರಿನವರು ಹಿಂದಿನ ವಾರವಷ್ಟೇ ಅದನ್ನು ದೊಡ್ಡಿಗೆ ಕೂಡಿದ್ದರು. ಇಬ್ಬರು ಹೋಗಿ ನೋಡಿಬಂದರು. ಏಡಿ ಕೊರೆದ ಬಿಲದಲ್ಲಿ ನೀರು ಜಿನುಗುತ್ತಿತ್ತು, ಅಷ್ಟೆ. ಎರಡೂ ಊರಿನವರು ಸೇರಿ ಮಣ್ಣು ತುಂಬಿದರು. ಅಂದಿನಿಂದ ಹಾಲಪ್ಪ ವಿಚಾರಿಸದೆ ಯಾವ ಸುದ್ದಿಯನ್ನೂ ಊರು ನಂಬುತ್ತಿರಲಿಲ್ಲ.

ಅವನಿಗೆ ಮಾಳವ್ವ ಎಂಬ ಅಕ್ಕ ಇದ್ದಳು. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಗುಡ್ಡದಾಚೆಯ ಊರಿಗೆ ಕೊಟ್ಟಿದ್ದರು. ಹಾಲಪ್ಪ ಹೊಸ ಮನೆ ಕಟ್ಟಿ ಊರಿಗೆಲ್ಲ ಊಟ ಹಾಕಿಸಿದ ದಿನ ಮಾಳವ್ವ ಬರಲಿಲ್ಲ. ಅವಳಿಗೆಂದು ಹಾಕಿಸಿದ ಎಲೆ ಹಾಗೆಯೇ ಉಳಿಯಿತು. ಅದು ಅವನ ಮನಸ್ಸಿಗೆ ನಾಟಿತು.

ವಾರ ಕಳೆದು ಉಪ್ಪು ಮಾರುವವನು ಬಂದ. ‘ನಿಮ್ಮಕ್ಕ ಕಣದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳಂತಪ್ಪ. ಅದಕ್ಕೇ ಬರಲಾಗಲಿಲ್ಲವಂತೆ’ ಎಂದ.

‘ನೀನು ಕಂಡದ್ದೋ, ಕೇಳಿದ್ದೋ?’

‘ಕೇಳಿದ್ದು. ಅವಳ ಮಗ ಹೇಳಿದ.’

‘ಮಗ ತಾಯಿಯ ಪರವಾಗಿ ಹೇಳದೆ ಇನ್ನೇನು ಹೇಳುತ್ತಾನೆ?’ ಎಂದು ಹಾಲಪ್ಪ ಆ ಮಾತನ್ನು ಅಲ್ಲಿಗೇ ಬಿಟ್ಟ.

ಮುಂದಿನ ತಿಂಗಳು ಕುರಿಯವನು ಬಂದು, ‘ತಮ್ಮ ಮನೆ ಕಟ್ಟಿ ಮೆರೆಯುತ್ತಿದ್ದಾನೆ, ಅದನ್ನು ನೋಡಲು ನಾನೇಕೆ ಹೋಗಲಿ ಎಂದಳಂತೆ ನಿಮ್ಮಕ್ಕ’ ಎಂದ. ಬೀಸುವ ಕಲ್ಲಿನ ಹೆಂಗಸೂ ಅದನ್ನೇ ಹೇಳಿದಳು. ಮೊದಲು ಬೇರೆ ಹೇಳಿದ್ದ ಉಪ್ಪಿನವನೂ ಈಗ ಅದನ್ನೇ ಹೇಳಿದ. ಹಾಲಪ್ಪ ಮೂವರನ್ನೂ ಏನೂ ಕೇಳಲಿಲ್ಲ.

‘ಇವರಿಗೆ ಯಾರು ಹೇಳಿದರು ಅಂತ ಕೇಳಲೇ ಇಲ್ಲವಲ್ಲ ನೀವು?’ ಎಂದಳು ಹೆಂಡತಿ ಕೆಂಚವ್ವ.

‘ಮೂವರು ಹೇಳಿದ ಮೇಲೆ ಇನ್ನೇನು ಕೇಳುವುದು? ನನಗೆ ಮೊದಲೇ ಗೊತ್ತಿತ್ತು’ ಎಂದು ಹಾಲಪ್ಪ ಮಗ್ಗದ ಕಡೆ ತಿರುಗಿದ.

ಆ ವರ್ಷ ಪಂಚಮಿ ಹಬ್ಬ ಬಂತು. ನಮ್ಮ ಕಡೆ ಅಣ್ಣತಮ್ಮಂದಿರು ಗಾಡಿ ಕಟ್ಟಿಕೊಂಡು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುತ್ತಿದ್ದರು. ಊರಿನ ಗಾಡಿಗಳೆಲ್ಲ ಹೋದವು. ಹಾಲಪ್ಪನ ಗಾಡಿ ಹೋಗಲಿಲ್ಲ. ಮರುವರ್ಷವೂ ಹೋಗಲಿಲ್ಲ. ಹೀಗೆ ನಾಲ್ಕು ಪಂಚಮಿ ಕಳೆದವು.

ಐದನೆಯ ವರ್ಷ ಬೀಸುವ ಕಲ್ಲಿನ ಹೆಂಗಸು ಅವನ ಮನೆಯ ಕಲ್ಲನ್ನೇ ಕುಟ್ಟುತ್ತ ಕೂತಿದ್ದಳು. ಕೆಂಚವ್ವ ಪಕ್ಕದಲ್ಲಿ ಕೂತು ಮೆಲ್ಲಗೆ ಗಂಡನ ಎರಡು ಪ್ರಶ್ನೆಗಳನ್ನು ಕೇಳಿದಳು. ‘ನಾನೆಲ್ಲಿ ಕಂಡೆ ತಾಯಿ? ಅಲ್ಲಿ ಬಾವಿಕಟ್ಟೆ ಹತ್ತಿರ ಅಂಗಡಿ ಇಟ್ಟಿದ್ದಾನಲ್ಲ, ಅವನು ಹೇಳಿದ. ಅವನ ಮಗನಿಗೆ ಮಾಳವ್ವ ಮಗಳನ್ನು ಕೊಡಲಿಲ್ಲ ನೋಡು, ಅವತ್ತಿನಿಂದ ಅವರನ್ನು ಕಂಡರೆ ಅವನಿಗಾಗದು’ ಎಂದಳು.

ಹಾಲಪ್ಪ ಒಳಗಿನಿಂದ ಕೇಳಿಸಿಕೊಂಡ. ಉಪ್ಪಿನವನು ಉಪ್ಪು ಹಾಕುತ್ತಿದ್ದುದು ಆ ಅಂಗಡಿಗೇ. ಕುರಿಯವನು ಎಲೆ ಅಡಿಕೆ ಕೊಳ್ಳುತ್ತಿದ್ದುದೂ ಅಲ್ಲೇ. ಮೂವರು ತಂದದ್ದು ಒಬ್ಬನೇ ಆಡಿದ ಮಾತಾಗಿತ್ತು. ಅವನು ಮಗ್ಗದಿಂದ ಎದ್ದ. ಆಗತಾನೇ ನೇಯ್ದು ಮುಗಿಸಿದ್ದ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಗುಡ್ಡದ ದಾರಿ ಹಿಡಿದ.

ಮಾಳವ್ವ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದಳು. ಮುರಿದ ಸೊಂಟ ಕೂಡಿರಲಿಲ್ಲ. ಕೈಯೂರಿ ತೆವಳಿಕೊಂಡೇ ಓಡಾಡುತ್ತಿದ್ದಳು. ತಮ್ಮನನ್ನು ಕಂಡು ಅವಳು ಬೈಯಲಿಲ್ಲ.

‘ಬಂದೆಯಾ ತಮ್ಮ? ಪ್ರತಿ ಪಂಚಮಿಗೂ ತಂಬಿಟ್ಟು ಕಟ್ಟಿಟ್ಟುಕೊಂಡು ಇಲ್ಲೇ ಕೂತಿರುತ್ತಿದ್ದೆ. ಗಾಡಿ ಸದ್ದಾದರೆ ಸಾಕು, ನೀನೇ ಅಂದುಕೊಳ್ಳುತ್ತಿದ್ದೆ’ ಎಂದಳು.

ಹಾಲಪ್ಪ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತ. ಮರುದಿನ ಗಾಡಿ ತರಿಸಿ, ಹುಲ್ಲು ಹಾಸಿ, ಅವಳನ್ನು ಮನೆಗೆ ಕರೆತಂದ. ಆ ಸಲದ ಪಂಚಮಿಗೆ ಮಾಳವ್ವ ಬೇವಿನ ಮರದ ಕೆಳಗೆ ಕೂತು ಊರಿನ ಮಕ್ಕಳಿಗೆಲ್ಲ ತಂಬಿಟ್ಟು ಹಂಚಿದಳು. ನಾನೂ ಕೈ ಒಡ್ಡಿದ್ದೆ. ಆ ರುಚಿ ಈಗಲೂ ನೆನಪಿದೆ. ಮುಂದಿನ ಪಂಚಮಿಗೆ ಅವಳು ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಗುರುಗಳೇ, ಆ ಅಂಗಡಿಯವನಂಥವರು ಯಾರೆಂದು ಗುರುತಿಸಿಕೊಂಡರೆ ಸಾಕಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: “ಅಂಗಡಿಯವನು ಹೇಳಿದ್ದು ಮೂರು ಸಲ, ಮಗು, ನಾಲ್ಕು ವರ್ಷ ದಿನವೂ ಅದನ್ನು ಹಾಲಪ್ಪನಿಗೆ ಹೇಳಿದವನು ಹಾಲಪ್ಪನೇ.”